ಹೆಡ್‌ಲೆಸ್ ಮಾಡಿದ ಬೇಸ್ ಗಿಟಾರ್ ಟ್ಯೂನ್ ನಿಲ್ಲುತ್ತಿಲ್ಲವೇ? ಮೊದಲು ಕತ್ತರಿಸಿದ ಕಡೆ ನೋಡಿ

ಹೆಡ್‌ಲೆಸ್ ಮಾಡುವುದು ಎಂದರೆ ಟ್ಯೂನಿಂಗ್ ಕೀಗಳಿರುವ ತಲೆಯನ್ನು ಕೊಯ್ದು ತೆಗೆದು, ಟ್ಯೂನ್ ಮಾಡುವ ಕೆಲಸವನ್ನು ಬ್ರಿಜ್‌ಗೆ, ಅಂದರೆ ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗಕ್ಕೆ, ಒಪ್ಪಿಸುವುದು. ಹೀಗೆ ಮಾಡಿದ ಬೇಸ್ ಟ್ಯೂನ್ ನಿಲ್ಲದಿದ್ದರೆ ಎಲ್ಲರೂ ಮೊದಲು ಬೈಯುವುದು ಬ್ರಿಜ್‌ಗೆ. ಬ್ರಿಜ್ ಹೊಸದು, ಅದರ ಹಿಂದಿನ ತಿರುಗಿಸುವ ಗುಂಡಿಗಳೂ ಹೊಸವು, ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ತರಿಸಿದ್ದು ಬೇರೆ. ಸಂಶಯ ಅಲ್ಲಿಗೇ ಹೋಗುವುದು ಸಹಜ. ಆದರೆ ರಿಪೇರಿಗೆಂದು ನನ್ನ ಕೈಗೆ ಬಂದ ಇಂಥ ಬೇಸ್‌ಗಳಲ್ಲಿ ಹೆಚ್ಚಿನವಕ್ಕೆ ದೋಷ ಇದ್ದದ್ದು ಇನ್ನೊಂದು ತುದಿಯಲ್ಲಿ, ಗರಗಸ ಹಾಕಿದ ಜಾಗದಲ್ಲಿ. ಹಾಗಾಗಿ ಈ ಬರಹ ಆ ಕಡೆಯಿಂದಲೇ ಶುರುವಾಗುತ್ತದೆ. ಬ್ರಿಜ್‌ನ ಸರದಿ ಆಮೇಲೆ.

ಮಂಗಳೂರು, ಉಡುಪಿ ಕಡೆ ಈ ಮಾರ್ಪಾಡಿಗೆ ಆಸೆ ಪಡುವವರು ಜಾಸ್ತಿ ಇದ್ದಾರೆ. ಕಾರಣ ಸರಳ. ಮಂಗಳೂರಿನ ಕಂಕನಾಡಿಯಲ್ಲಿ ಅಭ್ಯಾಸ, ಉಡುಪಿಯಲ್ಲಿ ಕಾರ್ಯಕ್ರಮ, ನಡುವೆ ಸುಮಾರು 60 ಕಿಲೋಮೀಟರ್ ಎಕ್ಸ್‌ಪ್ರೆಸ್ ಬಸ್. ಕ್ರೈಸ್ತ ಮದುವೆಗೆ ಮುಂಚಿನ ರೋಸ್ ಸಮಾರಂಭಕ್ಕೋ ಚರ್ಚಿನ ಗಾಯನ ಮಂಡಳಿಗೋ ಉದ್ದದ ಬೇಸ್ ಹೊತ್ತುಕೊಂಡು ಬಸ್ಸಿನ ಬಾಗಿಲಲ್ಲಿ ನಿಂತವರಿಗೆ ಒಂದು ಗೇಣಿನಷ್ಟು ಉದ್ದ ಕಡಿಮೆಯಾದರೂ ದೊಡ್ಡ ಸಮಾಧಾನ. ಅದನ್ನು ತಪ್ಪು ಎನ್ನಲಾರೆ. ಆದರೆ ಒಂದು ವಿಷಯ ತಿಳಿದಿರಲಿ.

ನೆಡ್ ಸ್ಟೈನ್‌ಬರ್ಗರ್ 1980ರ ಹೊತ್ತಿಗೆ ತಲೆಯಿಲ್ಲದ ಬೇಸನ್ನು ಮಾರುಕಟ್ಟೆಗೆ ತಂದಾಗ ಅದು ಮರದ್ದಾಗಿರಲಿಲ್ಲ. ಕಾರ್ಬನ್ ನಾರು ಮತ್ತು ಎಪಾಕ್ಸಿಯ ಅಚ್ಚು ಅದು. ನೆಕ್ ಅಷ್ಟು ಗಟ್ಟಿಯಾಗಿತ್ತು ಎಂದರೆ ಒಳಗೆ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಲೋಹದ ಕಂಬಿ) ಕೂಡ ಇರಲಿಲ್ಲ. ತಂತಿಗಳಿಗೆ ಎರಡೂ ತುದಿಯಲ್ಲಿ ಬಾಲ್, ಅಂದರೆ ಸಿಕ್ಕಿಸುವ ಲೋಹದ ಗುಂಡು, ಇತ್ತು, ಆದ್ದರಿಂದ ಜಾರುವ ಮಾತೇ ಇಲ್ಲ. ನಾವು ಮಾಡುವುದು ಬೇರೆಯೇ ಕೆಲಸ. ತಲೆ ಇರಬೇಕು ಎಂದೇ ಮಾಡಿದ ಮೇಪಲ್ ನೆಕ್ ತೆಗೆದುಕೊಂಡು, ತಲೆ ಕೊಯ್ದು, ಉಳಿದ ತುಂಡಿಗೆ ಒಂದು ಲೋಹದ ಹೆಡ್‌ಪೀಸ್ ಬಿಗಿದು, ಒಂದೇ ಬಾಲ್ ಇರುವ ಮಾಮೂಲಿ ತಂತಿಯನ್ನು ಸ್ಕ್ರೂನಿಂದ ಒತ್ತಿ ಹಿಡಿಸುತ್ತೇವೆ. ಮರ ಉಂಟು, ಸ್ಕ್ರೂ ಉಂಟು, ಒತ್ತಿ ಹಿಡಿಯುವುದು ಉಂಟು. ಮೂರೂ ಕೈಕೊಡಬಹುದು.

ಕೈ ಹಾಕುವ ಮೊದಲು

ಬೇಕಾದದ್ದು ಹೆಚ್ಚೇನಿಲ್ಲ. ಅಲೆನ್ ಕೀಗಳ ಒಂದು ಸೆಟ್, ಉಕ್ಕಿನ ಸ್ಕೇಲ್, ಪರ್ಮನೆಂಟ್ ಮಾರ್ಕರ್, ಚೂಪಾದ ಪೆನ್ಸಿಲ್, ಬೀಪ್ ಶಬ್ದ ಬರುವ ಮಲ್ಟಿಮೀಟರ್, ಒಂದು ಕ್ಯಾಪೊ (ನೆಕ್ ಮೇಲೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್). ಟ್ಯೂನರ್ ಪೆಡಲ್ ಆಗಿರಲಿ, ಇಲ್ಲವೇ ಕೇಬಲ್ ಹಾಕುವ ಬಗೆಯದ್ದು. ಕ್ಲಿಪ್ ಟ್ಯೂನರ್ ಸಿಕ್ಕಿಸಲು ಈಗ ತಲೆಯೇ ಇಲ್ಲ, ಅಲ್ವಾ? ಹೆಡ್‌ಪೀಸ್‌ಗೆ ಹೇಗೋ ಕಚ್ಚಿಸುವವರಿದ್ದಾರೆ. ಇ ತಂತಿಯ 41 ಹರ್ಟ್ಸ್‌ನಲ್ಲಿ ಅದು ತಡಬಡಾಯಿಸುತ್ತದೆ. ದೋಷ ಹುಡುಕುವಾಗ ಅದನ್ನು ನಂಬಬೇಡಿ.

ಇನ್ನೊಂದು ಮಾತು. ಒಮ್ಮೆಗೆ ಒಂದನ್ನೇ ಬದಲಿಸಿ. ತಂತಿ ಹೊಸದು ಹಾಕಿ, ಟ್ರಸ್ ರಾಡ್ ತಿರುಗಿಸಿ, ಸ್ಯಾಡಲ್ (ಬ್ರಿಜ್‌ನಲ್ಲಿ ತಂತಿ ಒರಗುವ ತುಂಡು) ಏರಿಸಿ, ಮೂರನ್ನೂ ಒಂದೇ ಸಂಜೆ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಕೆಟ್ಟರೂ ಗೊತ್ತಾಗುವುದಿಲ್ಲ.

ಟ್ಯೂನ್ ಹೇಗೆ ತಪ್ಪುತ್ತಿದೆ?

"ಎಂಥ ಮಾರಾಯ್ರೆ, ಬೆಳಿಗ್ಗೆ ಟ್ಯೂನ್ ಮಾಡಿದ್ದು ಮಧ್ಯಾಹ್ನಕ್ಕೆ ಇಲ್ಲ" ಎಂದು ಬರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ನಾಲ್ಕೂ ತಂತಿ ಇಳಿದವಾ, ಒಂದು ಮಾತ್ರವಾ? ಅರ್ಧ ಉತ್ತರ ಅದರಲ್ಲೇ ಇದೆ.

ಒಂದೇ ತಂತಿ ಇಳಿಯುತ್ತಿದೆ, ಉಳಿದ ಮೂರು ನಿಂತಿವೆ ಎಂದಾದರೆ ಹೆಡ್‌ಪೀಸ್‌ನ ಹಿಡಿತ ಸಡಿಲ. ನಾಲ್ಕೂ ಒಟ್ಟಿಗೆ ಇಳಿಯುತ್ತಿವೆ, ಒಂದೆರಡು ದಿನದಲ್ಲಿ ನಿಂತವು ಎಂದಾದರೆ ಅದು ಹೊಸ ತಂತಿ ಎಳೆದುಕೊಂಡು ಹದಕ್ಕೆ ಬಂದದ್ದು. ಅದು ದೋಷವಲ್ಲ, ಸುಮ್ನೆ ಬಿಡಿ. ನಾಲ್ಕೂ ಇಳಿಯುತ್ತಲೇ ಇವೆ, ನಿಲ್ಲುವ ಲಕ್ಷಣವೇ ಇಲ್ಲ ಎಂದಾದರೆ ಹೆದರಬೇಕು. ಹೆಡ್‌ಪೀಸ್ ಮರದಿಂದ ಎದ್ದು ಬರುತ್ತಿದೆ, ಇಲ್ಲವೇ ನೆಕ್ ಬಾಗುತ್ತಿದೆ. ನಾಲ್ಕೂ ಮೇಲಕ್ಕೆ ಹೋಗಿವೆ ಎಂದಾದರೆ ಬಹುಶಃ ಎಸಿ ಹಾಲ್‌ಗೆ ಬಂದಿದ್ದೀರಿ. ಉಕ್ಕಿನ ತಂತಿ ತಂಪಾದಾಗ ಕುಗ್ಗುತ್ತದೆ, ಬಿಗಿಯಾಗುತ್ತದೆ. ಬೇಸ್ ಅನ್ನು ಕೇಸಿನಿಂದ ತೆಗೆದು ಅರ್ಧ ಗಂಟೆ ಹಾಲ್‌ನಲ್ಲಿಟ್ಟು ಆಮೇಲೆ ಟ್ಯೂನ್ ಮಾಡಿ. ಇದು ತಲೆ ಇರುವ ಬೇಸ್‌ಗೂ ಅಷ್ಟೇ.

ಹಿಡಿತ ಜಾರುತ್ತಿದೆಯೇ ಎಂದು ನೋಡಲು ಮಾರ್ಕರ್ ಸಾಕು. ತಂತಿ ಹೆಡ್‌ಪೀಸ್‌ನ ಒಳಗೆ ಹೋಗುವ ಜಾಗದಲ್ಲಿ, ಲೋಹಕ್ಕೆ ತಾಗಿದಂತೆ ತಂತಿಯ ಮೇಲೆ ಒಂದು ಗೆರೆ ಹಾಕಿ. ಟ್ಯೂನ್ ಮಾಡಿ. ಒಂದು ಗಂಟೆ ಬಾರಿಸಿ. ಗೆರೆ ಲೋಹದಿಂದ ದೂರ ಸರಿದಿದ್ದರೆ ಜಾರಿದೆ. ಕಾಲು ಮಿಲಿಮೀಟರ್ ಸರಿದರೂ ಟ್ಯೂನರ್‌ನ ಮುಳ್ಳು ಎದ್ದು ಕಾಣುವಷ್ಟು ಬೀಳುತ್ತದೆ. ಹೆಡ್‌ಲೆಸ್ ಬ್ರಿಜ್‌ನಲ್ಲಿ ತಂತಿಯನ್ನು ಎಳೆಯುವ ಒಟ್ಟು ದೂರವೇ ಸಣ್ಣದು. ಆದ್ದರಿಂದ ಕೂದಲೆಳೆಯಷ್ಟು ಜಾರುವುದಕ್ಕೂ ಇಲ್ಲಿ ಬೆಲೆ ಇದೆ.

ಗೆರೆ ಸರಿಯಲಿಲ್ಲ, ಆದರೂ ತಂತಿ ಇಳಿದಿದೆ, ಶಬ್ದವೂ ಮಂಕಾಗಿದೆ ಎಂದರೆ ಇನ್ನೂ ಒಳಗಿನ ಸಮಸ್ಯೆ. ಬೇಸ್ ತಂತಿ ಎಂದರೆ ನಡುವೆ ಒಂದು ಉಕ್ಕಿನ ಎಳೆ, ಅದರ ಸುತ್ತ ಸುತ್ತಿದ ತಂತಿ. ಸ್ಕ್ರೂ ಹಿಡಿದಿರುವುದು ಹೊರಗಿನ ಸುತ್ತನ್ನು ಮಾತ್ರ. ಒಳಗಿನ ಎಳೆ ಮೆಲ್ಲಗೆ ಜಾರುತ್ತಿದೆ. ಒಳಗಿನ ಎಳೆ ಆರು ಮುಖದ್ದಾಗಿದ್ದರೆ ಸುತ್ತು ಅದನ್ನು ಕಚ್ಚಿಕೊಳ್ಳುತ್ತದೆ, ತೊಂದರೆ ಕಡಿಮೆ. ದುಂಡಗಿನ ಎಳೆಯಾಗಿದ್ದರೆ ಜಾಗ್ರತೆ. ಯಾವ ತಂತಿಯೇ ಇರಲಿ, ಹೆಡ್‌ಪೀಸ್ ದಾಟಿದ ಮೇಲೆ ಇಕ್ಕುಳದಿಂದ ಅದನ್ನು 90 ಡಿಗ್ರಿ ಬಗ್ಗಿಸಿ, ಆಮೇಲೆ ಮಾತ್ರ ಕತ್ತರಿಸಿ. ಬಗ್ಗಿಸದೆ ನೇರ ಕತ್ತರಿಸಿದ ಮರುಕ್ಷಣವೇ ಸುತ್ತು ಬಿಚ್ಚಿಕೊಳ್ಳಬಹುದು. ಆ ತಂತಿ ಮುಗಿಯಿತು. ಎಷ್ಟು ಬಿಗಿದರೂ ಅದು ಇನ್ನು ಸರಿಯಾಗುವುದಿಲ್ಲ.

ಯಾರೂ ಗಮನಿಸದ ಒಂದು ಕಾರಣ ರೇಷ್ಮೆ. ತುಂಬಾ ತಂತಿಗಳ ತುದಿಯಲ್ಲಿ ಕೆಂಪು, ನೀಲಿ, ಹಸಿರು ಬಣ್ಣದ ನೂಲು ಸುತ್ತಿರುತ್ತದೆ. ಮಾಮೂಲಿ ಬೇಸ್‌ನಲ್ಲಿ ಅದು ನಟ್ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿ) ದಾಟಿ ತಲೆಯ ಮೇಲೆ ಹೋಗಿ ಟ್ಯೂನಿಂಗ್ ಕೀಗೆ ಸುತ್ತಿಕೊಳ್ಳುತ್ತದೆ. ಹೆಡ್‌ಲೆಸ್ ಬ್ರಿಜ್‌ನಲ್ಲಿ ತಂತಿಯ ಬಾಲ್ ಸ್ಯಾಡಲ್‌ಗಿಂತ ಸಾಕಷ್ಟು ಹಿಂದೆ ಕೂತಿರುತ್ತದೆ. ಅಷ್ಟು ಉದ್ದ ಹಿಂದಕ್ಕೆ ಹೋದದ್ದರಿಂದ ನೂಲಿನ ಭಾಗ ಸರಿಯಾಗಿ ಹೆಡ್‌ಪೀಸ್‌ನ ಸ್ಕ್ರೂ ಕೆಳಗೇ ಬಂದು ನಿಲ್ಲಬಹುದು. ಸ್ಕ್ರೂ ನೂಲನ್ನು ಒತ್ತುತ್ತದೆ, ನೂಲು ದಿನದಿನಕ್ಕೆ ಚಪ್ಪಟೆಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಸ್ಕ್ರೂ ಬಿಚ್ಚಿ ನೋಡಿ. ಬಣ್ಣದ ನೂಲು ಕಂಡರೆ ಮುಂದಿನ ಸಲ ಎಕ್ಸ್‌ಟ್ರಾ ಲಾಂಗ್ ಸ್ಕೇಲ್ ತಂತಿ ತರಿಸಿ. ಎರಡೂ ಕಡೆ ಬಾಲ್ ಇರುವ ತಂತಿ ಹಾಕಬಹುದಾದ ಹೆಡ್‌ಪೀಸ್ ಆಗಿದ್ದರೆ ಇನ್ನೂ ಒಳ್ಳೆಯದು. ಆದರೆ ಅದು ಎಲ್ಲ ಅಂಗಡಿಯಲ್ಲೂ ಸಿಗುವ ಮಾಲಲ್ಲ. ಕಾರ್ಯಕ್ರಮದ ಹಿಂದಿನ ದಿನ ತುಂಡಾದರೆ ಪೇಚಾಟ. ನನ್ನ ಮಟ್ಟಿಗೆ ಒಂದೇ ಬಾಲ್‌ನ ತಂತಿಯೇ ಅನುಕೂಲ.

ಸ್ಕ್ರೂ ಎಷ್ಟು ಬಿಗಿಯಬೇಕು? ಗಿಡ್ಡ ಅಲೆನ್ ಕೀ ಹಿಡಿದು ಬೆರಳಿನ ಬಲ ಮುಗಿಯುವವರೆಗೆ. ಪೈಪ್ ಸಿಕ್ಕಿಸಿ ಬಿಗಿಯುವುದು ಬೇಡ. ಅಲ್ಲಿ ಸ್ಕ್ರೂವಿನ ಆರು ಮೂಲೆ ಸವೆದು ದುಂಡಗಾಗುತ್ತದೆ, ಇಲ್ಲವೇ ತಂತಿಯೇ ತುಂಡಾಗುತ್ತದೆ. ಸ್ಕ್ರೂ ನೇರವಾಗಿ ತಂತಿಗೆ ತಾಗುವ ಹೆಡ್‌ಪೀಸ್ ಆದರೆ ನಡುವೆ ಒಂದು ಸಣ್ಣ ಹಿತ್ತಾಳೆ ತುಂಡು ಇಡಿ. ಬೈಕಂಪಾಡಿ, ಯೆಯ್ಯಾಡಿ ಕಡೆಯ ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಕತ್ತರಿಸಿ ಕೊಡುತ್ತಾರೆ.

ಹೆಡ್‌ಪೀಸೇ ಅಲುಗಿದರೆ

ನಾಲ್ಕು ತಂತಿಗಳು ಸೇರಿ ಎಳೆಯುವ ಬಲ ಸುಮಾರು 80 ಕಿಲೊ. 45ರಿಂದ 105ರವರೆಗಿನ ದಪ್ಪದ ಮಾಮೂಲಿ ಸೆಟ್‌ನ ಮಾತು ಇದು. ಹಿಂದೆ ಆ ಬಲವನ್ನು ತಲೆಯ ಅಗಲ ಮರ ಪೂರ್ತಿ ಹೊರುತ್ತಿತ್ತು. ಈಗ ಒಂದೆರಡು ಇಂಚು ಮರದಲ್ಲಿ ಕೂತ ಮೂರೋ ನಾಲ್ಕೋ ಸ್ಕ್ರೂ ಹೊರಬೇಕು. ಅಲ್ಲಿಯೇ ಕೆಲಸ ಕೆಡುವುದು.

ಪರೀಕ್ಷೆ ಹೀಗೆ. ತಂತಿ ಪೂರ್ತಿ ಟ್ಯೂನ್ ಆಗಿರುವಾಗ ಹೆಡ್‌ಪೀಸ್‌ನ ಹಿಂಬದಿಯಲ್ಲಿ, ಲೋಹ ಮತ್ತು ಮರ ಸೇರುವ ಜಾಗದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಮರುದಿನ ಗೆರೆ ಮತ್ತು ಲೋಹದ ನಡುವೆ ಸಂದು ಕಂಡರೆ ಹೆಡ್‌ಪೀಸ್ ಬಾಡಿಯ ಕಡೆಗೆ ಸರಿಯುತ್ತಿದೆ. ಇನ್ನೊಂದು ಪರೀಕ್ಷೆಗೆ ಮಾಮೂಲಿ ಜೆರಾಕ್ಸ್ ಕಾಗದದ ಚೂರು ಸಾಕು. ಅದರ ದಪ್ಪ ಸುಮಾರು 0.1 ಮಿಲಿಮೀಟರ್. ಹೆಡ್‌ಪೀಸ್‌ನ ಹಿಂಬದಿಯ ಕೆಳಗೆ ಅದನ್ನು ತೂರಿಸಿ ನೋಡಿ. ಸಲೀಸಾಗಿ ಹೋದರೆ ಲೋಹ ಎದ್ದಿದೆ, ಅಂದರೆ ಹಿಂದಿನ ಸ್ಕ್ರೂ ಮರದಿಂದ ಕಿತ್ತು ಬರುತ್ತಿದೆ.

ಇಲ್ಲಿ ಸ್ಕ್ರೂ ಯಾವ ದಿಕ್ಕಿಗೆ ಹೋಗಿದೆ ಎಂಬುದು ಮುಖ್ಯ. ಕೆಲವು ಹೆಡ್‌ಪೀಸ್ ಮೇಲಿನಿಂದ ಮರಕ್ಕೆ ಬಿಗಿಯುವಂಥವು. ಸ್ಕ್ರೂ ಮರದ ನಾರಿಗೆ ಅಡ್ಡವಾಗಿ ಇಳಿಯುತ್ತದೆ, ಹಿಡಿತ ಗಟ್ಟಿ. ಇನ್ನು ಕೆಲವು ಕೊಯ್ದ ಮುಖಕ್ಕೆ ಎದುರಿನಿಂದ ಬಿಗಿಯುವಂಥವು. ಆಗ ಸ್ಕ್ರೂ ನಾರಿನ ಉದ್ದಕ್ಕೆ ಹೋಗುತ್ತದೆ. ಹಾಗೆ ಹೋದ ಸ್ಕ್ರೂಗೆ ಮರದಲ್ಲಿ ಹಿಡಿತ ತುಂಬಾ ಕಮ್ಮಿ. ಇದು ನಮ್ಮೂರಿನ ಯಾವ ಆಚಾರಿಗಾದರೂ ಗೊತ್ತಿರುವ ವಿಷಯ, ಕೇಳಿ ನೋಡಿ. ಉದ್ದಕ್ಕೆ ಹೋದ ಸ್ಕ್ರೂ ಒಮ್ಮೆ ಸಡಿಲವಾದರೆ ಬೆಂಕಿಕಡ್ಡಿ ತುರುಕಿ, ಫೆವಿಕಾಲ್ ಹಾಕಿ ಮತ್ತೆ ಬಿಗಿಯುವ ಉಪಾಯ ನಡೆಯುವುದಿಲ್ಲ. ಬಾಗಿಲಿನ ಕೀಲಿಗೆ ಅದು ಸಾಕು, 80 ಕಿಲೊ ಎಳೆತಕ್ಕೆ ಸಾಲದು.

ಸರಿಯಾದ ದಾರಿ ಎರಡಿವೆ. ಒಂದು, ತೂತು ದೊಡ್ಡದು ಮಾಡಿ ಹೊರಗೂ ಒಳಗೂ ಥ್ರೆಡ್ ಇರುವ ಹಿತ್ತಾಳೆ ಕೊಳವೆಯನ್ನು ಎಪಾಕ್ಸಿ ಹಾಕಿ ಕೂರಿಸುವುದು, ಅದಕ್ಕೆ ಮರದ ಸ್ಕ್ರೂ ಬದಲು ಬೋಲ್ಟ್ ಬಿಗಿಯುವುದು. ಎರಡು, ನೆಕ್‌ನ ಬೆನ್ನಿನಿಂದ ಅಡ್ಡಕ್ಕೆ ಒಂದು ಗಟ್ಟಿ ಮರದ ಗೂಟ ಅಂಟಿಸಿ, ಎದುರಿನಿಂದ ಬರುವ ಸ್ಕ್ರೂ ಆ ಗೂಟದ ನಾರನ್ನು ಅಡ್ಡಕ್ಕೆ ಕಚ್ಚುವಂತೆ ಮಾಡುವುದು. ನನಗೆ ಎರಡನೆಯದು ಇಷ್ಟ. ಬೆನ್ನಿನಲ್ಲಿ ಎರಡು ದುಂಡು ಗುರುತು ಕಾಣುತ್ತವೆ, ಕಾಣಲಿ. ಅಂಟು ಪೂರ್ತಿ ಒಣಗಲು ಒಂದು ದಿನ ಬಿಡಿ. ಮಳೆಗಾಲವಾದರೆ ಎರಡು ದಿನ. ಎರಡೂ ದಾರಿಯಲ್ಲಿ ಡ್ರಿಲ್ ಹಾಕುವ ಮೊದಲು ಟ್ರಸ್ ರಾಡ್ ಎಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಅದು ಸರಿಯಾಗಿ ನಡುವೆ ಕೂತಿರುತ್ತದೆ.

ಕೊಯ್ದ ಮುಖ ಮತ್ತು ನಮ್ಮ ಮಳೆ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಈ ವಿಷಯ ಬರುವುದೇ ಇಲ್ಲ. ಕೊಯ್ದ ಮುಖದಲ್ಲಿ ಮರದ ನಾರುಗಳ ಬಾಯಿ ತೆರೆದಿರುತ್ತದೆ, ಸ್ಟ್ರಾಗಳ ಕಟ್ಟಿನ ಹಾಗೆ. ಅಲ್ಲಿಂದ ಗಾಳಿಯ ತೇವ ಒಳಗೆ ಹೋಗುವ ವೇಗ ಬದಿಯ ಮುಖಕ್ಕಿಂತ ಎಷ್ಟೋ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಗೋಡೆಯೇ ಬೆವರುತ್ತದೆ. ತೇವಾಂಶ ಶೇಕಡ 90ರ ಆಸುಪಾಸು ಇರುವ ದಿನಗಳು ಬೇಕಾದಷ್ಟು. ಕಂಪನಿಯಿಂದ ಬಂದಾಗ ನೆಕ್‌ಗೆ ಎಲ್ಲ ಕಡೆ ಪಾಲಿಶ್ ಇತ್ತು. ನೀವು ಕೊಯ್ದ ಜಾಗಕ್ಕೆ ಇಲ್ಲ.

ಲಕ್ಷಣ ಹೀಗಿರುತ್ತದೆ. ಮೇ ತಿಂಗಳಲ್ಲಿ ಎಲ್ಲ ಚೆನ್ನಾಗಿತ್ತು, ಮಳೆ ಹಿಡಿದ ಮೇಲೆ ಹೆಡ್‌ಪೀಸ್‌ನ ಸ್ಕ್ರೂಗಳು ಸಡಿಲವಾದವು. ಮರ ಉಬ್ಬಿತು, ಸ್ಕ್ರೂ ಸುತ್ತಲಿನ ನಾರು ಜಜ್ಜಿಹೋಯಿತು. ಮಳೆ ಮುಗಿದು ಮರ ಕುಗ್ಗಿದಾಗ ಸಂದು ಹಾಗೇ ಉಳಿಯಿತು. ಉಗುರಿನಿಂದ ಕೊಯ್ದ ಮುಖ ಕೆರೆದು ನೋಡಿ. ಮೆತ್ತಗೆ, ಬೂದು ಬಣ್ಣಕ್ಕೆ ತಿರುಗಿದ್ದರೆ ತೇವ ಕುಡಿದಿದೆ. ಹೆಡ್‌ಪೀಸ್ ಬಿಚ್ಚಿ, ಎಸಿ ಕೋಣೆಯಲ್ಲಿ ಕೆಲವು ದಿನ ಒಣಗಲು ಬಿಡಿ. ಬಿಸಿಲಿಗೆ ಇಡಬೇಡಿ, ನೆಕ್ ತಿರುಚಿಕೊಳ್ಳಬಹುದು. ಆಮೇಲೆ ಸಣ್ಣ ಪಾಲಿಶ್ ಪೇಪರ್‌ನಿಂದ ಉಜ್ಜಿ, ಸ್ಯಾಂಡಿಂಗ್ ಸೀಲರ್ ಎರಡು ಮೂರು ಸಲ ಬಳಿಯಿರಿ. ತೆಳುವಾದ ಸೂಪರ್ ಗ್ಲೂ ಹೀರಿಸಿದರೂ ಆಗುತ್ತದೆ. ಸ್ಕ್ರೂ ತೂತಿನ ಒಳಗೂ ಒಂದು ಹನಿ ಬಿಡಿ. ಈ ಕೆಲಸ ಕೊಯ್ದ ದಿನವೇ ಆಗಬೇಕಿತ್ತು. ಆದರೆ ಹೆಡ್‌ಪೀಸ್ ಬಂದ ಉತ್ಸಾಹದಲ್ಲಿ ಯಾರೂ ಅಷ್ಟು ತಾಳುವುದಿಲ್ಲ.

ಟ್ರಸ್ ರಾಡ್: ಇಲ್ಲಿ ನಿಲ್ಲಿ

ಟ್ರಸ್ ರಾಡ್ ತಿರುಗಿಸುವ ನಟ್ ತಲೆಯ ಕಡೆ ಇದ್ದ ನೆಕ್ ಅನ್ನು ಕೊಯ್ದಿದ್ದರೆ ಮೊದಲು ಇದನ್ನೇ ನೋಡಿ. ಅಲೆನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿದರೆ ನೆಕ್‌ನಲ್ಲಿ ಬದಲಾವಣೆ ಕಾಣಬೇಕು. ಮೊದಲ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಕ್ಯಾಪೊ ಹಾಕಿ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ಇ ತಂತಿಯನ್ನು ಒತ್ತಿ, 7 ಅಥವಾ 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ಎಷ್ಟು ಸಂದು ಇದೆ ನೋಡಿ. 0.3ರಿಂದ 0.4 ಮಿಲಿಮೀಟರ್ ಇದ್ದರೆ ಚೆನ್ನ. ಅದೇ ಜೆರಾಕ್ಸ್ ಕಾಗದದ ಮೂರು ನಾಲ್ಕು ಪದರ.

ಕೀ ಸಡಿಲವಾಗಿ ತಿರುಗುತ್ತಾ ಹೋಗುತ್ತದೆ, ಸಂದು ಬದಲಾಗುವುದೇ ಇಲ್ಲ ಎಂದಾದರೆ ರಾಡ್‌ನ ತುದಿಗೆ ಒತ್ತಿಕೊಳ್ಳಲು ಮರ ಉಳಿದಿಲ್ಲ. ಕೊಯ್ಯುವಾಗ ಅದೂ ಹೋಗಿದೆ. ರಾಡ್ ತಿರುಗಿಸುವ ನಟ್ ಬಾಡಿಯ ಕಡೆ ಇದ್ದರೂ ರಾಡ್‌ನ ಇನ್ನೊಂದು ತುದಿ ತಲೆಯ ಬುಡದಲ್ಲೇ ನೆಟ್ಟಿರುತ್ತದೆ ಎಂಬುದು ನೆನಪಿರಲಿ. ಕೊಯ್ದ ಮುಖದ ನಡುವೆ ಕೂದಲೆಳೆಯಂಥ ಬಿರುಕು ಕಂಡರೆ ಆ ಕ್ಷಣವೇ ತಂತಿಗಳನ್ನು ಸಡಿಲ ಮಾಡಿ. ಇದು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸವಲ್ಲ. ಗಿಟಾರ್ ಮಾಡುವವರ ಹತ್ತಿರ ಕೊಡಿ. ಕೆಲವೊಮ್ಮೆ ಹೊಸ ನೆಕ್ ಹಾಕುವುದೇ ಅಗ್ಗ.

ಮಳೆಗಾಲದಲ್ಲಿ ನೆಕ್ ಯಾವ ಕಡೆ ಬಾಗುತ್ತದೆ ಎಂದು ಕೇಳುತ್ತಾರೆ. ಅದು ಮರದಿಂದ ಮರಕ್ಕೆ ಬೇರೆ. ಅಳೆದೇ ನೋಡಬೇಕು.

ಈಗ ಬ್ರಿಜ್

ಮುಂದಿನ ತುದಿ ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ಇಲ್ಲಿಗೆ ಬನ್ನಿ. ಎರಡು ದೂರುಗಳು ಬರುತ್ತವೆ: ಗುಂಡಿ ತಿರುಗುವುದಿಲ್ಲ, ಇಲ್ಲವೇ ತಿರುಗಿ ತಿರುಗಿ ಮುಗಿದರೂ ಸ್ವರ ಏರಿಲ್ಲ.

ಎರಡನೆಯದು ಸುಲಭ. ತಂತಿ ಹಾಕುವಾಗ ಕೈಯಿಂದ ಬಿಗಿಯಾಗಿ ಎಳೆದಿಲ್ಲ. ಬ್ರಿಜ್‌ನೊಳಗಿನ ಕೊಕ್ಕೆ ಓಡುವ ದೂರ ಸುಮಾರು ಒಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಅದರಲ್ಲಿ ಅರ್ಧ ಸಡಿಲ ತೆಗೆಯುವುದಕ್ಕೇ ಹೋಗುತ್ತದೆ. ಕೊಕ್ಕೆಯನ್ನು ಪೂರ್ತಿ ಮುಂದೆ ತಂದು, ತಂತಿಯನ್ನು ಇಕ್ಕುಳದಿಂದ ಎಳೆದು ಹಿಡಿದುಕೊಂಡೇ ಹೆಡ್‌ಪೀಸ್‌ನ ಸ್ಕ್ರೂ ಬಿಗಿಯಿರಿ. ಮೂರನೇ ಕೈ ಬೇಕು ಅನಿಸುತ್ತದೆ. ಮನೆಯವರನ್ನು ಕರೆಯಿರಿ.

ಗುಂಡಿ ಗಟ್ಟಿಯಾಗಿದ್ದರೆ ತಂತಿ ತೆಗೆದು ಬರಿದೇ ತಿರುಗಿಸಿ. ಆಗ ಸಲೀಸಾಗಿ ತಿರುಗಿದರೆ ಥ್ರೆಡ್ ಚೆನ್ನಾಗಿದೆ, ಭಾರ ಬಿದ್ದಾಗ ಗುಂಡಿಯ ಮುಖ ಬ್ರಿಜ್‌ಗೆ ಉಜ್ಜುತ್ತಿದೆ. ಅಲ್ಲಿ ವಾಷರ್ ಇದೆಯಾ ನೋಡಿ. ಇಲ್ಲದಿದ್ದರೆ ನೈಲಾನ್ ವಾಷರ್ ಒಂದು ಹಾಕಿ. ಬರಿದೇ ತಿರುಗಿಸಿದಾಗಲೂ ಗಟ್ಟಿ ಎಂದರೆ ಥ್ರೆಡ್‌ನಲ್ಲಿ ತುಕ್ಕು. ಕಡಲ ಗಾಳಿಯ ಉಪ್ಪು, ಕೈಯ ಬೆವರು, ಎರಡೂ ಸೇರಿದರೆ ಕೇಳಬೇಕೇ? ಬಿಚ್ಚಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಸೀಮೆಎಣ್ಣೆ ಹಾಕಿ ತೊಳೆದು, ಒರೆಸಿ, ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ. ಮನೆಯಲ್ಲಿ ಕೈಗೆ ಸಿಗುವುದು ಅದೇ, ಗೊತ್ತು. ಕೆಲವು ತಿಂಗಳಿಗೆ ಅದು ಅಂಟಂಟಾಗಿ ಧೂಳು ಹಿಡಿಯುತ್ತದೆ.

ಖಾಲಿ ತಂತಿ ಗರಗರ ಎಂದರೆ

ಫ್ರೆಟ್ ಒತ್ತಿದಾಗ ಶುದ್ಧ ಸ್ವರ, ಒತ್ತದೆ ಬಾರಿಸಿದಾಗ ಮಾತ್ರ ಗರಗರ. ಇದಕ್ಕೆ ಒಂದು ಚಂದದ ಪರೀಕ್ಷೆ ಇದೆ. ನಟ್ ಮತ್ತು ಹೆಡ್‌ಪೀಸ್ ನಡುವಿನ ಸಣ್ಣ ತುಂಡಿನಲ್ಲಿ ತಂತಿಯನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಬಾರಿಸಿ. ಗರಗರ ನಿಂತರೆ ತಂತಿ ನಟ್ ಮೇಲೆ ಸಾಕಷ್ಟು ಒತ್ತಿ ಕೂತಿಲ್ಲ. ಮೊದಲು ತಲೆಯ ಕಡೆಗೆ ತಂತಿ ಇಳಿಜಾರಾಗಿ ಹೋಗುತ್ತಿತ್ತು. ಈಗ ಹೆಡ್‌ಪೀಸ್ ನಟ್‌ನಷ್ಟೇ ಎತ್ತರದಲ್ಲಿದೆ, ಇಳಿಜಾರು ಇಲ್ಲ. ನಟ್ ದಾಟಿದ ತಂತಿ ಕಣ್ಣಿಗೆ ಕಾಣುವಷ್ಟಾದರೂ ಕೆಳಗಿಳಿಯಬೇಕು. ಹೆಡ್‌ಪೀಸ್ ಕೂರುವ ಮರವನ್ನು ಒಂದೆರಡು ಮಿಲಿಮೀಟರ್ ತಗ್ಗಿಸಿ, ಅಥವಾ ನಾಲ್ಕೂ ತಂತಿಗಳನ್ನು ಒತ್ತಿ ಹಿಡಿಯುವ ಅಡ್ಡಪಟ್ಟಿ ಹಾಕಿ. ತಗ್ಗಿಸುವಾಗ ಟ್ರಸ್ ರಾಡ್ ನೆನಪಿರಲಿ.

ಒತ್ತಿದರೂ ಗರಗರ ನಿಲ್ಲದಿದ್ದರೆ ನಟ್‌ನ ಕಚ್ಚು ಆಳವಾಗಿದೆ. ಕೆಲವೊಮ್ಮೆ ಶಬ್ದ ಬರುವುದು ತಂತಿಯಿಂದಲೇ ಅಲ್ಲ, ಬ್ರಿಜ್‌ನ ಸಡಿಲ ಗ್ರಬ್ ಸ್ಕ್ರೂನಿಂದ (ತಲೆಯಿಲ್ಲದ ಸಣ್ಣ ಸ್ಕ್ರೂ). ಒಬ್ಬರು ಬಾರಿಸುವಾಗ ಇನ್ನೊಬ್ಬರು ಬ್ರಿಜ್‌ನ ಒಂದೊಂದೇ ಭಾಗಕ್ಕೆ ಬೆರಳಿಟ್ಟು ನೋಡಿದರೆ ಕಳ್ಳ ಸಿಗುತ್ತಾನೆ.

ಫ್ರೆಟ್‌ನಲ್ಲಿ ಸ್ವರ ತಪ್ಪಿದರೆ

34 ಇಂಚಿನ ಬೇಸ್‌ನಲ್ಲಿ ನಟ್‌ನಿಂದ 12ನೇ ಫ್ರೆಟ್‌ಗೆ ಸುಮಾರು 432 ಮಿಲಿಮೀಟರ್, ಅಲ್ಲಿಂದ ಸ್ಯಾಡಲ್‌ಗೆ ಅಷ್ಟೇ ಮತ್ತು ಸ್ವಲ್ಪ ಜಾಸ್ತಿ. ಜಿ ತಂತಿಗೆ ಒಂದೆರಡು ಮಿಲಿಮೀಟರ್ ಜಾಸ್ತಿ, ದಪ್ಪ ಇ ತಂತಿಗೆ ಇನ್ನೂ ಕೆಲವು ಮಿಲಿಮೀಟರ್ ಹೆಚ್ಚು. 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಬಾರಿಸಿದ ಸ್ವರ) ಮತ್ತು ಒತ್ತಿ ಬಾರಿಸಿದ ಸ್ವರ ಎರಡನ್ನೂ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸ್ಯಾಡಲ್ ಕೊನೆಗೆ ಹೋದರೂ ಸಾಲದಿದ್ದರೆ ಬ್ರಿಜ್ ಕೂರಿಸಿದ ಜಾಗವೇ ತಪ್ಪು. ಬಿಚ್ಚಿ ಮತ್ತೆ ಕೂರಿಸದೆ ಬೇರೆ ದಾರಿ ಇಲ್ಲ.

12ರಲ್ಲಿ ಎಲ್ಲ ಸರಿ, ಮೊದಲ ಮೂರು ಫ್ರೆಟ್‌ನಲ್ಲಿ ಮಾತ್ರ ಸ್ವರ ಏರುತ್ತದೆ ಎಂದರೆ ಬ್ರಿಜ್ ಮುಟ್ಟಬೇಡಿ. ನಟ್ ಎತ್ತರವಾಗಿದೆ, ಇಲ್ಲವೇ ತಲೆ ಕೊಯ್ಯುವಾಗ ನಟ್ ಒಂದಿಷ್ಟು ಹಿಂದೆ ಸರಿದಿದೆ. ಮತ್ತೆ ಮುಂದಿನ ತುದಿಯೇ, ನೋಡಿ.

ಗುಂಯ್ ಶಬ್ದ ಮತ್ತು ಬಣ್ಣದ ಅಲ್ಯೂಮಿನಿಯಂ

ಹೊಸ ಬ್ರಿಜ್ ಹಾಕಿದ ಮೇಲೆ ಆಂಪ್‌ನಲ್ಲಿ ಗುಂಯ್ ಶಬ್ದ ಶುರುವಾಯಿತು ಎನ್ನುವುದು ತುಂಬಾ ಸಾಮಾನ್ಯ. ಹಳೆ ಬ್ರಿಜ್ ಕೆಳಗೆ ಒಂದು ಅರ್ತ್ ವೈರ್ ಇತ್ತು. ತಂತಿ, ಬ್ರಿಜ್, ವೈರ್, ಜಾಕ್, ಹೀಗೆ ದಾರಿ. ಹೊಸದನ್ನೂ ಆ ವೈರ್ ಮೇಲೆಯೇ ಕೂರಿಸಿದ್ದೀರಿ. ಆದರೂ ಶಬ್ದ. ಯಾಕೆಂದರೆ ಹೆಡ್‌ಲೆಸ್ ಬ್ರಿಜ್‌ಗಳಲ್ಲಿ ಹಲವು ಅನೊಡೈಸ್ ಮಾಡಿದ ಅಲ್ಯೂಮಿನಿಯಂ. ಕಪ್ಪು, ಕೆಂಪು, ಬಂಗಾರ, ಆ ಬಣ್ಣದ ಪದರ ವಿದ್ಯುತ್ತನ್ನು ಹಾಯಿಸುವುದಿಲ್ಲ. ಲೋಹದ ಮೇಲೆ ಲೋಹ ಕೂತಿದೆ, ಆದರೂ ಸಂಪರ್ಕ ಇಲ್ಲ.

ಮಲ್ಟಿಮೀಟರನ್ನು ಬೀಪ್‌ಗೆ ಇಡಿ. ಬೇಸ್‌ಗೆ ಕೇಬಲ್ ಸಿಕ್ಕಿಸಿ, ಆಂಪ್‌ಗೆ ಬೇಡ. ಕೇಬಲ್‌ನ ಇನ್ನೊಂದು ತುದಿಯ ಉದ್ದನೆಯ ಲೋಹದ ಭಾಗಕ್ಕೆ ಒಂದು ಕಡ್ಡಿ, ತಂತಿಗೆ ಇನ್ನೊಂದು. ಬೀಪ್ ಬರಬೇಕು. ನಾಲ್ಕೂ ತಂತಿ ನೋಡಿ. ಒಂದೊಂದು ತಂತಿಗೆ ಬೇರೆ ಬೇರೆ ಬ್ರಿಜ್ ತುಂಡು ಇರುವ ಬಗೆಯಲ್ಲಿ ಒಂದಕ್ಕೆ ಮಾತ್ರ ವೈರ್ ಹಾಕಿ ಮೂರನ್ನು ಮರೆತವರು ಬಹಳ. ಬೀಪ್ ಬರದ ತುಂಡನ್ನು ಬಿಚ್ಚಿ, ಅಡಿಯಲ್ಲಿ ವೈರ್ ತಾಗುವಷ್ಟು ಜಾಗದ ಬಣ್ಣವನ್ನು ಬಿಳಿ ಲೋಹ ಕಾಣುವವರೆಗೆ ಕೆರೆಯಿರಿ. ತುಂಡುಗಳ ಕೆಳಗೆ ತಾಮ್ರದ ಟೇಪ್ ಹಾಸಿ ಎಲ್ಲವನ್ನೂ ಒಂದಕ್ಕೊಂದು ಸೇರಿಸಿ. ಸ್ಯಾಡಲ್‌ಗೂ ಬಣ್ಣ ಇದ್ದರೆ ತಂತಿ ಕೂರುವ ಜಾಗವನ್ನೂ ನೋಡಬೇಕಾದೀತು.

ಇಎಂಜಿ ಕಂಪನಿಯದ್ದರಂಥ ಆಕ್ಟಿವ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ, ಬ್ಯಾಟರಿಯಿಂದ ನಡೆಯುವ ಭಾಗ) ಇದ್ದರೆ ಲೆಕ್ಕ ಬೇರೆ. ಅದಕ್ಕೆ ಬ್ರಿಜ್ ಅರ್ತ್ ಬೇಡ ಎಂದು ಕಂಪನಿಯೇ ಹೇಳುತ್ತದೆ. ಬೇಸ್ ಹಿಡಿದು ನಿಂತ ದಿಕ್ಕು ಬದಲಿಸಿದಾಗ ಶಬ್ದ ಕಡಿಮೆ ಜಾಸ್ತಿ ಆಗುತ್ತಿದ್ದರೆ ಅದು ಸಿಂಗಲ್ ಕಾಯಿಲ್ ಪಿಕಪ್ ಹಿಡಿಯುತ್ತಿರುವ ಫ್ಯಾನ್ ರೆಗ್ಯುಲೇಟರಿನ, ಟ್ಯೂಬ್‌ಲೈಟಿನ ಶಬ್ದ. ಬ್ರಿಜ್‌ಗೆ ಸಂಬಂಧ ಇಲ್ಲ.

ತಂತಿ ಮುಟ್ಟಿದಾಗ ಜುಮ್ ಎಂದರೆ ಆಟ ನಿಲ್ಲಿಸಿ. ಪ್ಲಗ್ ಕಿತ್ತು ಇಡಿ. ಹಾಲ್‌ನ ಸಾಕೆಟ್‌ನಲ್ಲಿ ಅರ್ತ್ ಇಲ್ಲದಿರಬಹುದು, ಆಂಪ್ ಕೆಟ್ಟಿರಬಹುದು. ಬೇಸ್‌ನ ವೈರ್ ಕತ್ತರಿಸಿದರೆ ಸಮಸ್ಯೆ ಹೋಗುವುದಿಲ್ಲ, ಅಡಗಿಕೊಳ್ಳುತ್ತದೆ. ಎಲೆಕ್ಟ್ರಿಷಿಯನ್ ನೋಡುವವರೆಗೆ ಆ ಸಾಕೆಟ್ ಬೇಡ.

ದೋಷದಂತೆ ಕಂಡರೂ ದೋಷವಲ್ಲದ್ದು

ಇ ಮತ್ತು ಜಿ ತಂತಿಗಳ ದನಿ ನಡುವಿನ ಎರಡಕ್ಕಿಂತ ಸಣ್ಣದಾಗಿದ್ದರೆ ಪಿಕಪ್ ಮೇಲೆ ಬಗ್ಗಿ ನೋಡಿ. ಹಳೆ ಬ್ರಿಜ್‌ನಲ್ಲಿ ತಂತಿಗಳ ನಡುವೆ 19 ಮಿಲಿಮೀಟರ್ ಅಂತರ ಇತ್ತು, ಹೊಸದರಲ್ಲಿ ಕಡಿಮೆ. ಹೊರಗಿನ ತಂತಿಗಳು ಅಯಸ್ಕಾಂತದ ಗುಂಡಿಗಳಿಂದ ಸರಿದಿವೆ. ಪಿಕಪ್‌ನ ಎತ್ತರ ಹೊಂದಿಸಿ ಸ್ವಲ್ಪ ಸುಧಾರಿಸಬಹುದು.

ಇನ್ನು, ಸತ್ತ ಸ್ವರ. ಎಷ್ಟೋ ಬೇಸ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಎಲ್ಲೋ ಒಂದು ಸ್ವರ ಬೇಗ ಸಾಯುತ್ತದೆ. ಆ ಸ್ವರದ ಕಂಪನಕ್ಕೆ ನೆಕ್ ತಾನೂ ಕಂಪಿಸಿ ಬಲ ಹೀರಿಕೊಳ್ಳುತ್ತದೆ. ತಲೆ ಮತ್ತು ಅದರ ಮೇಲಿನ ಭಾರದ ಕೀಗಳು ಹೋದ ಮೇಲೆ ನೆಕ್‌ನ ತುದಿ ಹಗುರ. ಹಾಗಾಗಿ ಆ ಜಾಗ ಮೇಲಿನ ಫ್ರೆಟ್‌ಗಳ ಕಡೆಗೆ ಸರಿಯುತ್ತದೆ. ಮೊದಲು ಚೆನ್ನಾಗಿದ್ದ ಸ್ವರ ಈಗ ಸತ್ತಿತು ಎಂದು ಜನ ಪಿಕಪ್ ಬದಲಿಸಲು ಹೊರಡುತ್ತಾರೆ. ಖರ್ಚು ಮಾಡುವ ಮೊದಲು ಸಣ್ಣ ಸಿ ಕ್ಲಾಂಪ್ ಒಂದನ್ನು ಬಟ್ಟೆ ಸುತ್ತಿ ಹೆಡ್‌ಪೀಸ್ ಹತ್ತಿರ ಬಿಗಿದು ಬಾರಿಸಿ. ಸತ್ತ ಜಾಗ ಬೇರೆ ಫ್ರೆಟ್‌ಗೆ ಹೋದರೆ ಅದು ನೆಕ್‌ನ ಸ್ವಭಾವ, ಪಿಕಪ್ ನಿರಪರಾಧಿ. ಅದೇ ಸ್ವರ ಪಕ್ಕದ ಡಿ ತಂತಿಯಲ್ಲಿ 5 ಫ್ರೆಟ್ ಮೇಲೆ ಸಿಗುತ್ತದೆ. ಅಲ್ಲಿ ಬಾರಿಸಿ.